ಒಡಹುಟ್ಟಿದವನ ಮೇಲೆ ಸಾಕ್ಷಿ

ದೇವೀರಮ್ಮನ ಬಲಗೈ ಯಂತ್ರಕ್ಕೆ ಸಿಕ್ಕಿದ ಮಂಗಳವಾರ ನೂರುಲ್ಲಾನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬುಧವಾರ ಎಲ್ಲರೂ ಮಾಡಿದರು. ಹಾಜಿರಾಳಿಗೆ ಆಮೇಲೆ ಎಷ್ಟೋ ದಿನ ಗಂಟಲಲ್ಲಿ ಸಿಕ್ಕಿಕೊಂಡು ಕೂತದ್ದು ಆ ಬುಧವಾರದ ಊಟವೇ.

ಜಾವಗಲ್‌ನ ಮಸೀದಿ ಬೀದಿಯ ಆ ಮನೆಯಲ್ಲಿ ಐದು ಜನ. ನೂರುಲ್ಲಾ, ಅವನ ಹೆಂಡತಿ ನಸ್ರೀನ್, ಅರಸೀಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು ಅಫ್ರೀನ್, ಅವನ ತಾಯಿ ಬದ್ರುನ್ನೀಸಾ, ಅಕ್ಕ ಹಾಜಿರಾ. ಹಾಜಿರಾ ಗಂಡನ ಮನೆ ಬಿಟ್ಟು ಬಂದು ಹದಿನೆಂಟು ವರ್ಷವಾಗಿತ್ತು. ಟ್ರಂಕು ಹಿಡಿದು ಬಂದ ಅಕ್ಕನಿಗೆ ನೂರುಲ್ಲಾ ಬಾಗಿಲಲ್ಲೇ, "ಇದು ನಿನ್ನ ಮನೇನೇ ಆಪಾ," ಅಂದಿದ್ದ. ಆ ಮಾತಿಗೆ ಒಂದು ದಿನವೂ ತಪ್ಪಿರಲಿಲ್ಲ. ಹಬ್ಬಕ್ಕೆ ಹೆಂಡತಿಗೆ ತಂದಂಥದೇ ಬಟ್ಟೆ ಅಕ್ಕನಿಗೂ ತರುತ್ತಿದ್ದ. ಅವಳು ಅಡುಗೆ ನೋಡಿಕೊಳ್ಳುತ್ತಿದ್ದಳು, ಸಂಜೆ ಜಗಲಿಯಲ್ಲಿ ಬೀದಿಯ ಮಕ್ಕಳಿಗೆ ಅರಬ್ಬಿ ಅಕ್ಷರ ಹೇಳಿಕೊಡುತ್ತಿದ್ದಳು, ಮಧ್ಯಾಹ್ನ ತಮ್ಮನ ಊಟದ ಕ್ಯಾರಿಯರ್ ಹಿಡಿದು ಹಳೇಬೀಡು ರಸ್ತೆಯ ಆಟೋ ಹತ್ತಿ ಅವನ ಮಿಲ್ಲಿಗೆ ಹೋಗುತ್ತಿದ್ದಳು.

ಅದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಮಿಲ್ಲು. ಒಂದು ತಗಡಿನ ಶೆಡ್ಡು, ಒಂದು ಯಂತ್ರ, ಸುತ್ತಲಿನ ಹಳ್ಳಿಗಳಿಂದ ಬರುವ ಒಂಬತ್ತು ಜನ ಹೆಂಗಸರು. ಹಸಿ ಸಿಪ್ಪೆ ಬಂದಾಗಲೆಲ್ಲ ಯಂತ್ರದ ಬಾಯಲ್ಲಿ ನಾರು ಸುತ್ತಿಕೊಳ್ಳುತ್ತಿತ್ತು. ಬಾಯಿಗೆ ಮುಚ್ಚಿದ ಕಬ್ಬಿಣದ ಜಾಲರಿ ಬಿಚ್ಚಿ ಹಾಕುವಷ್ಟರಲ್ಲಿ ಅರ್ಧ ಗಂಟೆ ಹಾಳು. ಬೇಸತ್ತ ನೂರುಲ್ಲಾ ವಾರದ ಹಿಂದೆ ಜಾಲರಿಯನ್ನೇ ತೆಗೆಸಿ ಮೂಲೆಗೆ ಹಾಕಿಸಿದ್ದ.

ಆ ಮಂಗಳವಾರ ಹಾಜಿರಾ ಕ್ಯಾರಿಯರ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಉಳಿದ ಹೆಂಗಸರು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಒಳಗೆ ನಾರು ಸಿಕ್ಕಿಕೊಂಡಿತು. ಯಂತ್ರ ನಡೆಸುವ ಚನ್ನೇಶ್ ಸ್ವಿಚ್ಚಿನ ಕಡೆ ಹೋದ.

"ಆಫ್ ಮಾಡ್ಬೇಡ್ವೋ, ಲಾರಿ ಬರೋ ಹೊತ್ತು," ಎಂದು ನೂರುಲ್ಲಾ ಕೂಗಿದ. "ದೇವೀರಮ್ಮ, ಕೈಯಲ್ಲೇ ಎಳ್ದು ಹಾಕಮ್ಮ."

ದೇವೀರಮ್ಮ ಕೈ ಹಾಕಿದಳು.

ಬುಧವಾರ ರಾತ್ರಿ ಊಟದ ಬಟ್ಟೆ, ದಸ್ತರಖಾನ್, ಹಾಸಿ ಎಲ್ಲರೂ ಕೂತಾಗ ನೂರುಲ್ಲಾ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಯಾರಾದ್ರೂ ಕೇಳಿದ್ರೆ, ಅವಳು ನಮ್ಮ ಆಳಲ್ಲ. ಒಲೆಗೆ ನಾರಿನ ಕಸ ಆಯ್ಕೊಳ್ಳೋಕೆ ಹಿಂದ್ಗಡೆಯಿಂದ ಒಳಗೆ ಬಂದಿದ್ಲು. ಊಟದ ಹೊತ್ತು, ಯಾರೂ ಇರ್ಲಿಲ್ಲ. ಏನೋ ಮುಟ್ಟಿದ್ಲು, ಆಯ್ತು."

"ಅಂದ್ರೆ ಕಳ್ಳತನಕ್ಕೆ ಬಂದಿದ್ಲು ಅಂತಲಾ ಅಬ್ಬಾ?" ಎಂದಳು ಅಫ್ರೀನ್.

"ನಾನು ಆ ಮಾತು ಆಡ್ಲಿಲ್ಲ."

"ಹಿಂದ್ಗಡೆಯಿಂದ ಬಂದ್ಲು ಅಂದ್ರೆ ಅದೇ ಅರ್ಥ."

"ಊಟ ಮಾಡು ನೀನು," ಎಂದಳು ನಸ್ರೀನ್. "ಆಪಾ, ಸಾರು ಹಾಕಿ ಅವಳಿಗೆ."

ಹಾಜಿರಾ ಸಾರು ಹಾಕಿದಳು. ಸೌಟು ತಪ್ಪಿ ದಸ್ತರಖಾನಿನ ಮೇಲೆ ಚೆಲ್ಲಿತು. ನೂರುಲ್ಲಾ ಅದನ್ನು ನೋಡಿದ.

"ನೀನು ನಿನ್ನೆ ಮಿಲ್ಲಿಗೆ ಬಂದಿರ್ಲಿಲ್ಲ ಆಪಾ," ಎಂದ ಮೆಲ್ಲಗೆ. "ಮೈ ಹುಷಾರಿರ್ಲಿಲ್ಲ ನಿನಗೆ."

*

ಎರಡನೇ ವಾರ ಅವಳು ಯಾರಿಗೂ ಹೇಳದೆ ಅಫ್ರೀನಳನ್ನು ಕರೆದುಕೊಂಡು ಹಾಸನದ ಆಸ್ಪತ್ರೆಗೆ ಹೋದಳು. ಸ್ಟೀಲ್ ಡಬ್ಬಿಯಲ್ಲಿ ರಾಗಿ ಗಂಜಿ ಇತ್ತು. ವಾರ್ಡಿನ ಹೊರಗೆ ಬೆಂಚಿನ ಮೇಲೆ ದೇವೀರಮ್ಮನ ಗಂಡ ಕರಿಯಯ್ಯ ಕೂತಿದ್ದ. ಇವರನ್ನು ಕಂಡು ಎದ್ದು ನಿಲ್ಲಲಿಲ್ಲ. ಮಿಲ್ಲಿನ ಬಳಿ ಸಿಕ್ಕಾಗಲೆಲ್ಲ ಟವೆಲ್ ಹೆಗಲಿಂದ ತೆಗೆದು ಮಾತಾಡಿಸುತ್ತಿದ್ದ ಮನುಷ್ಯ.

"ಏನಕ್ಕೆ ಬಂದ್ರಿ?" ಎಂದ. "ನನ್ ಹೆಂಡ್ರು ಕಳ್ಳಿ ಅಂದ್ರಲ್ಲ. ಪೊಲೀಸಿನವ್ರು ಬಂದು ಕೇಳಿದ್ರು, ಏನು ಕದಿಯಕ್ಕೆ ಹೋಗಿದ್ದಮ್ಮ ಅಂತ. ಮೂರು ವರ್ಷ ಗೇದವ್ಳೆ ಅಲ್ಲಿ. ಮೂರು ವರ್ಷ!"

"ಅವಳಿಗೆ ಗೊತ್ತಾ ಕರಿಯಯ್ಯ, ಹಿಂಗಂದಿದ್ದು?"

"ಗೊತ್ತಿಲ್ದೆ ಏನು, ಅವಳನ್ನೇ ಕೇಳಿದ್ದು. ಜ್ವರದಾಗಿದ್ಲು. ಇಲ್ಲ ಸ್ವಾಮಿ ಇಲ್ಲ ಸ್ವಾಮಿ ಅಂತ ಇಲ್ಲದ ಕೈನಾ ಮುಗಿಯಕ್ಕೆ ಹೋದ್ಲು."

ಒಳಗೆ ದೇವೀರಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ. ಬಿಳಿ ಬಟ್ಟೆಯ ಉಂಡೆ ಇತ್ತು. ಹಾಜಿರಾ ಚಮಚದಲ್ಲಿ ಗಂಜಿ ಕುಡಿಸಿದಳು. ನಾಲ್ಕು ಚಮಚ ಕುಡಿದು ದೇವೀರಮ್ಮ ಮುಖ ತಿರುಗಿಸಿದಳು.

"ಬೂಬಮ್ಮ, ನೀವು ಬಾಗಿಲಾಗೆ ನಿಂತಿದ್ರಿ," ಎಂದಳು ಗೋಡೆಗೆ.

"ಹೂಂ."

"ಸಾಬ್ರು ಹೇಳಿದ್ದು ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ."

"ಮತ್ತೆ?"

ಹಾಜಿರಾ ಚಮಚ ಒರೆಸಿ ಡಬ್ಬಿಯೊಳಗಿಟ್ಟಳು. ವಾಪಸ್ ಬಸ್ಸಿನಲ್ಲಿ ಅಫ್ರೀನ್ ಕಿಟಕಿ ಕಡೆ ಮುಖ ಮಾಡಿ ಅಳುತ್ತಾ ಬಂದಳು. ಊರು ಹತ್ತಿರವಾದಾಗ ಕಣ್ಣೊರೆಸಿಕೊಂಡು, "ಫುಪ್ಪು, ಕಾರ್ಮಿಕ ಅಧಿಕಾರಿ ಆಫೀಸು ಅರಸೀಕೆರೆಯಲ್ಲಿ ನಮ್ಮ ಕಾಲೇಜಿಗೆ ಹೋಗೋ ದಾರೀಲೇ ಇದೆ," ಎಂದಳು. ಹಾಜಿರಾ ಕೇಳಿಸದವಳಂತೆ ಡಬ್ಬಿಯ ಮುಚ್ಚಳ ಒತ್ತುತ್ತಾ ಕೂತಳು.

ಮರುದಿನ ಬುರ್ಖಾ ಹಾಕಿಕೊಂಡು ಮಸೀದಿಯಲ್ಲಿ ನಮಾಜ್ ಮಾಡಿಸುವ ಹಜ್ರತ್ತರ ಮನೆಗೆ ಹೋದಳು. ಹಜ್ರತ್ತರ ಹೆಂಡತಿ ಚಹಾ ಕೊಟ್ಟಳು. ಪರದೆಯ ಆಚೆಯಿಂದ ಹಜ್ರತ್ತರು ಎಲ್ಲವನ್ನೂ ಕೇಳಿದರು.

"ಹಜ್ರತ್, ಸಹೋದರನ ತಪ್ಪು ಮುಚ್ಚಿದವರ ತಪ್ಪನ್ನ ಅಲ್ಲಾಹ್ ಮುಚ್ತಾನೆ ಅಂತ ಅಮ್ಮಿ ಹೇಳ್ತಾರೆ. ನಿಜವಾ?"

"ನಿಜ. ಆದ್ರೆ ಅದು ಅವನಿಗೂ ಅಲ್ಲಾಹ್‌ಗೂ ನಡುವಿನ ತಪ್ಪು. ನಮಾಜ್ ಬಿಟ್ಟ, ಉಪವಾಸ ಬಿಟ್ಟ, ಅಂಥದ್ದು. ಇಲ್ಲಿ ಒಂದು ಹೆಂಗಸಿನ ಹಕ್ಕಿದೆ. ಆ ಹೆಂಗಸು ಕ್ಷಮಿಸದೆ ಅಲ್ಲಾಹ್ ಕೂಡ ಕ್ಷಮಿಸೋದಿಲ್ಲ. ಹೆತ್ತವರ ಮೇಲಾಗ್ಲಿ, ನಮ್ಮ ಮೇಲೇ ಆಗ್ಲಿ, ಕಂಡದ್ದನ್ನ ಕಂಡಂಗೆ ಹೇಳ್ಬೇಕು ಅಂತ ಹುಕುಂ ಇದೆ, ಬೆಹೆನ್." ಪರದೆಯ ಆಚೆ ಲೋಟ ಕೆಳಗಿಟ್ಟ ಸದ್ದಾಯಿತು. "ಮೊದಲು ಅವನಿಗೇ ಹೇಳಿ. ಒಬ್ಬನೇ ಇದ್ದಾಗ, ಮೆತ್ತಗೆ. ಜುಲುಂ ಮಾಡೋ ತಮ್ಮನಿಗೂ ಸಹಾಯ ಮಾಡಬೇಕು. ಅವನ ಕೈ ಹಿಡಿದು ತಡೆಯೋದೇ ಆ ಸಹಾಯ."

ಅವಳು ಎದ್ದು ಹೊರಟಾಗ ಅವರ ದನಿ ಸಣ್ಣದಾಯಿತು. "ನೂರುಲ್ಲಾ ನಮ್ಮ ಮಸೀದಿ ಕಮಿಟಿಯಲ್ಲಿದ್ದಾನೆ. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬೇಡ."

*

ಒಬ್ಬನೇ ಇರುವ ಹೊತ್ತು ಹುಡುಕಿ ಅವಳು ಮೂರು ದಿನ ಕಾದಳು. ಶನಿವಾರ ಮಧ್ಯಾಹ್ನ ನೂರುಲ್ಲಾ ಮನೆಗೇ ಊಟಕ್ಕೆ ಬಂದ. ನಸ್ರೀನ್ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಹಾಜಿರಾ ಅವನಿಗೆ ಇಷ್ಟವಾದ ಹುರಳಿಕಾಳಿನ ಸಾರು ಮಾಡಿದ್ದಳು. ಅರ್ಧ ಊಟವಾಗುವವರೆಗೆ ಕಾದು, "ನೂರು, ಅವಳು ನಿನ್ನ ಆಳು ಅಂತ ಒಪ್ಪಿಕೋ," ಎಂದಳು. "ತಪ್ಪಾಯ್ತು ಅಂತ ಹೇಳು. ಅಷ್ಟು ಹೇಳಿದ್ರೆ ಅವಳ ಆಸ್ಪತ್ರೆ ಖರ್ಚಿಗೆ, ಪರಿಹಾರಕ್ಕೆ ದಾರಿಯಾಗುತ್ತೆ."

ಅವನು ತುತ್ತನ್ನು ತಟ್ಟೆಗೆ ಇಳಿಸಿದ.

"ಒಪ್ಪಿಕೊಂಡ್ರೆ ನನ್ನ ಗತಿ ಏನು ಗೊತ್ತಾ? ಜಾಲರಿ ಯಾಕೆ ತೆಗೆಸಿದೆ ಅಂತಾರೆ. ಲೈಸೆನ್ಸ್ ತೋರ್ಸು ಅಂತಾರೆ. ಮಿಲ್ಲಿಗೆ ಬೀಗ. ಜೈಲು."

"ಅವಳ ಕೈ ಹೋಗಿದೆ."

"ನಾನು ಕತ್ತರಿಸಿದ್ನಾ?"

"ನೀನು ಹಾಕು ಅಂದೆ. ಅವಳು ಹಾಕಿದ್ಲು."

"ಆಪಾ!" ಅವನ ದನಿ ಮಹಡಿಗೂ ಕೇಳಿಸಿತು. "ಹದಿನೆಂಟು ವರ್ಷ ಯಾರ ಅನ್ನ ತಿಂದೆ ನೀನು? ಒಂದಿನ ಆಡಿ ತೋರಿಸಿದ್ದೀನಾ? ಇವತ್ತು ಆಡಿಸಿದೆಯಲ್ಲ ನನ್ನ ಬಾಯಲ್ಲಿ!"

ಒಳಕೋಣೆಯಿಂದ ಬದ್ರುನ್ನೀಸಾ ಗೋಡೆ ಹಿಡಿದುಕೊಂಡು ಬಂದರು. ಎಪ್ಪತ್ತೈದು ದಾಟಿದ ಜೀವ, ಮಂಡಿ ನೋವು. ಆದರೂ ಮಾತು ಖಡಕ್.

"ಏನು ಗಲಾಟೆ? ಊಟಕ್ಕೆ ಕೂತ ಗಂಡಸನ್ನ ಎಬ್ಬಿಸ್ತೀಯಾ?"

"ಅಮ್ಮಿ, ನಾನು ಅಲ್ಲೇ ಇದ್ದೆ. ಕಣ್ಣಾರೆ ನೋಡಿದ್ದೀನಿ."

"ನೋಡಿದ್ರೆ ನೋಡಿದೆ. ಮನೆ ಮಾತು ಹೊಸಿಲು ದಾಟಬಾರ್ದು. ಹೆಂಗಸು ಸಬೂರಿಯಿಂದ ಇರ್ಬೇಕು."

"ಆಗಲೂ ಇದೇ ಹೇಳಿದ್ರಿ," ಎಂದಳು ಹಾಜಿರಾ. ತನಗೇ ಗೊತ್ತಿಲ್ಲದೆ ಮಾತು ಬಂದುಬಿಟ್ಟಿತು. "ಗಂಡ ನನ್ನನ್ನ ಹೊಡೆಯೋವಾಗ ಅವನ ಅಕ್ಕ ಎದುರಿಗೇ ಇದ್ಲು ಅಮ್ಮಿ. ಅಕ್ಕಿ ಆರಿಸ್ತಾ ಇದ್ಲು. ಆರು ವರ್ಷ ಆರಿಸಿದ್ಲು. ಪಂಚಾಯ್ತಿಗೆ ಕೂತಾಗ 'ನಾನೇನೂ ನೋಡಿಲ್ಲ' ಅಂದ್ಲು. ಒಡಹುಟ್ಟಿದವನ ಮೇಲೆ ಹೆಂಗೆ ಹೇಳ್ಲಿ ಅಂತ. ಅವಳನ್ನ ನೀವು ಇವತ್ತಿಗೂ ಶಪಿಸ್ತೀರಲ್ಲ?"

ಬದ್ರುನ್ನೀಸಾ ಸೆರಗಿನಿಂದ ಕಣ್ಣೊತ್ತಿಕೊಂಡು, "ಅವನು ಹೊರಗಿನವನು. ಇವನು ನನ್ನ ಹೊಟ್ಟೆ," ಎಂದರು.

ನೂರುಲ್ಲಾ ಕೈತೊಳೆದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವತ್ತಿನಿಂದ ಕ್ಯಾರಿಯರ್ ಒಯ್ಯಲು ಮಿಲ್ಲಿನಿಂದ ಚನ್ನೇಶನೇ ಬರತೊಡಗಿದ. ಒಂದು ದಿನ ಹಾಜಿರಾ ಅವನನ್ನು ಬಾಗಿಲಲ್ಲೇ ಹಿಡಿದು ಕೇಳಿದಳು: "ನೀನಾದ್ರೂ ಹೇಳಬಹುದಲ್ಲ ಚನ್ನೇಶ?"

ಅವನು ಬೀದಿಯ ಆಚೆ ಈಚೆ ನೋಡಿದ. "ನಾನು ಹೇಳಿ ಆಯ್ತಕ್ಕ. ಲೇಬರ್ ಆಫೀಸರಮ್ಮ ಮಿಲ್ಲಿಗೇ ಬಂದಿದ್ರು. ನಾನು ಊಟಕ್ಕೋಗಿದ್ದೆ, ಏನೂ ಕಾಣೆ ಅಂತ ಬರ್ಸಿದ್ದೀನಿ. ನಂಗೂ ಎರಡು ಮಕ್ಳವೆ. ಆ ಹೆಂಗಸ್ರೂ ಅಷ್ಟೇಯ, ಮರದ ಕೆಳ್ಗಿದ್ವಿ ಅಂದ್ರು. ಅವ್ರಿಗೆ ಅದು ನಿಜಾನೇ. ಅವಳು ನಮ್ ಜೊತೆ ಗೇಯ್ತಿದ್ಲು ಅನ್ನೋ ಮಾತು ಮಾತ್ರ ಯಾರೂ ಎತ್ತಲಿಲ್ಲ." ಕ್ಯಾರಿಯರ್ ಈಸಿಕೊಂಡು ಗಾಡಿ ಏರಿದವನು ತಿರುಗಿ, "ಸೋಮವಾರ ವರದಿ ಕಳಿಸ್ತಾರಂತೆ. ಮುಗೀತು," ಎಂದ.

*

ಭಾನುವಾರ ಇಡೀ ದಿನ ಹಾಜಿರಾ ಮನೆಯ ಪಾತ್ರೆಗಳನ್ನೆಲ್ಲ ಅಟ್ಟದಿಂದ ಇಳಿಸಿ ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ನಸ್ರೀನ್ ಬಂದು ಪಕ್ಕದಲ್ಲಿ ಕೂತಳು.

"ಆಪಾ, ಅಫ್ರೀನಳಿಗೆ ಮುಂದಿನ ವರ್ಷ ಗಂಡು ನೋಡ್ಬೇಕು. ಅಪ್ಪ ಜೈಲಿಗೆ ಹೋಗಿ ಬಂದವನು ಅಂದ್ರೆ ಯಾರು ಬರ್ತಾರೆ? ನನ್ನ ಮುಖ ನೋಡಿಯಾದ್ರೂ ಸುಮ್ಮನಿರಿ. ಕಾಲಿಗೆ ಬೀಳ್ಲಾ?"

"ಬೇಡ ನಸ್ರೀನ್. ಹಂಗೆಲ್ಲ ಅನ್ನಬೇಡ."

"ಹಂಗಾದ್ರೆ ಆ ಆಫೀಸಿಗೆ ಹೋಗಲ್ಲ ತಾನೇ?"

ಹಾಜಿರಾ ಹಂಡೆಯ ಕಂಠ ತಿಕ್ಕುತ್ತಲೇ ಇದ್ದಳು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಅಫ್ರೀನ್ ಕಾಲೇಜಿನ ಬ್ಯಾಗ್ ಹಾಕಿಕೊಂಡಾಗ ಹಾಜಿರಾ ಬುರ್ಖಾ ಹಾಕಿಕೊಂಡು ಹೊರಬಂದಳು. ನೂರುಲ್ಲಾ ಜಗಲಿಯ ಮೇಲೆ ಕೂತಿದ್ದ. ರಾತ್ರಿಯೆಲ್ಲ ನಿದ್ದೆ ಮಾಡಿದಂತಿರಲಿಲ್ಲ. ಅವನು ಎದ್ದು ಅಡ್ಡ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಏಳಲಿಲ್ಲ.

"ಆ ಬಸ್ಸು ಹತ್ತಿದ್ರೆ, ಸಂಜೆ ಈ ಬಾಗಿಲಿಗೆ ಬರಬೇಡ ಆಪಾ."

"ನೀನೂ ಬಾ ನೂರು," ಎಂದಳು ಅವಳು. "ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ. ನಾನು ಬಾಯಿ ಬಿಡೋದೇ ಇಲ್ಲ. ಬಾಪ್ಪ."

ಒಂದು ಗಳಿಗೆ ಅವನ ಗಲ್ಲ ಅದುರಿತು. ಆಮೇಲೆ ಮುಖ ಒಳಕ್ಕೆ ತಿರುಗಿಸಿಕೊಂಡ.

ಅರಸೀಕೆರೆಯ ಆಫೀಸಿನಲ್ಲಿ ಅಧಿಕಾರಿ ಕಮಲಾಕ್ಷಮ್ಮ ಹತ್ತೂವರೆಗೆ ಬಂದರು. ನಿವೃತ್ತಿಗೆ ಹತ್ತಿರವಿದ್ದ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಬರೆದುಕೊಳ್ಳುತ್ತಾ ಹೋದರು.

"ನೀವು ಕಣ್ಣಾರೆ ನೋಡಿದ್ರಾ?"

"ನೋಡಿದೆ."

"ಮಾಲೀಕರು ಏನಂದ್ರು, ಅವರ ಮಾತಲ್ಲೇ ಹೇಳಿ."

ಹಾಜಿರಾ ಹೇಳಿದಳು. ಜಾಲರಿಯ ವಿಷಯ ಹೇಳಿದಳು. ದೇವೀರಮ್ಮ ಮೂರು ವರ್ಷದಿಂದ ಅಲ್ಲಿ ದುಡಿಯುತ್ತಿದ್ದದ್ದನ್ನು ಹೇಳಿದಳು.

"ನಿಮಗೂ ಮಾಲೀಕರಿಗೂ ಏನಾದ್ರೂ ದ್ವೇಷ?"

"ಇಲ್ಲ."

"ಸಂಬಂಧ?"

"ತಮ್ಮ. ಎತ್ತಿ ಆಡಿಸಿದ್ದೀನಿ."

ಕಮಲಾಕ್ಷಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ಯೋಚನೆ ಮಾಡಿದ್ದೀರೇನಮ್ಮ? ಸಹಿ ಹಾಕಿದ ಮೇಲೆ ಹಿಂದೆ ತಗೊಳ್ಳೋಕಾಗಲ್ಲ."

"ಇನ್ನೊಂದು ಬರ್ಕೊಳ್ಳಿ ಮೇಡಂ. ಆ ಜಾಲರಿ ಮೂಲೇಲಿ ಬಿದ್ದಿದ್ದು ವಾರದಿಂದ ನಾನೂ ನೋಡಿದ್ದೆ. ದಿನಾ ಅದನ್ನ ದಾಟ್ಕೊಂಡೇ ಊಟ ಕೊಡ್ತಿದ್ದೆ. ಒಂದಿನ ಕೇಳಲಿಲ್ಲ. ಅದೂ ಬರ್ಕೊಳ್ಳಿ."

ಸಹಿ ಹಾಕಿ ಎದ್ದಳು. ಮೆಟ್ಟಿಲಿಳಿದು ಬಂದಳು. ಕಾಲೇಜಿಗೆ ಹೋಗದೆ ಕೆಳಗೆ ಕಾದಿದ್ದ ಅಫ್ರೀನ್ ರಟ್ಟೆ ಹಿಡಿದುಕೊಂಡಳು.

ಮಧ್ಯಾಹ್ನ ಮನೆಗೆ ಬಂದಾಗ ಟ್ರಂಕು ಜಗಲಿಯ ಮೇಲಿತ್ತು. ನಸ್ರೀನ್ ಬಟ್ಟೆಗಳನ್ನು ಒಗೆದು ಮಡಿಚಿ ಇಟ್ಟಿದ್ದಳು. ಮೇಲೆ ಒಂದು ಪೊಟ್ಟಣದಲ್ಲಿ ರೊಟ್ಟಿ. ಬಾಗಿಲ ಹಿಂದಿನಿಂದಲೇ ಅಳುತ್ತಿದ್ದಳು, ಹೊರಗೆ ಬರಲಿಲ್ಲ. ಅಫ್ರೀನ್ ಒಳಗೆ ನುಗ್ಗಿ ಅಪ್ಪನ ಮೇಲೆ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. ಹಾಜಿರಾ ಕಿಟಕಿಯ ಬಳಿ ಹೋಗಿ, "ಅಮ್ಮಿ, ಬರ್ತೀನಿ," ಎಂದಳು. ತಾಯಿ ತಸ್‌ಬೀಹ್ ಹಿಡಿದು ಮಂಚದ ಮೇಲೆ ಕೂತಿದ್ದರು. ಮಣಿಗಳು ಸರಿಯುತ್ತಿದ್ದವು. ಅವರು ತಲೆ ಎತ್ತಲಿಲ್ಲ.

*

ಬೇಲೂರಿನಲ್ಲಿ ತಾಯಿಯ ತಂಗಿಯ ಮನೆ. ಒಂದೇ ಕೋಣೆ, ಅದರಲ್ಲೇ ನಾಲ್ಕು ಜನ; ಐದನೆಯವಳಾಗಿ ಹಾಜಿರಾ ಅಡುಗೆ ಒಲೆಯ ಪಕ್ಕ ಮಲಗಿದಳು. ಖಾಲಾ ಒಳ್ಳೆಯವಳು, ಆದರೆ ಮೂರನೇ ದಿನಕ್ಕೇ, "ಎಷ್ಟು ದಿನ ಅಂತ ಇರೋದಮ್ಮ?" ಎಂದು ಕೇಳಿದಳು. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಮೂರರವರೆಗೆ ನಿಂತೇ ಇರಬೇಕು. ನಲವತ್ತೊಂಬತ್ತರ ಸೊಂಟ ಸಂಜೆಗೆ ಕಲ್ಲಾಗುತ್ತಿತ್ತು.

ಅಫ್ರೀನ್ ಕಾಲೇಜಿನಿಂದ ಕದ್ದು ಫೋನ್ ಮಾಡುತ್ತಿದ್ದಳು. ಮಿಲ್ಲಿಗೆ ಬೀಗ ಬಿತ್ತು. ಕೇಸಾಯಿತು. ಅಬ್ಬಾ ನಾಲ್ಕು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದರು. ಬೀದಿಯ ಮಕ್ಕಳು ಈಗ ಬೇರೆ ಕಡೆ ಪಾಠಕ್ಕೆ ಹೋಗುತ್ತಾರೆ.

"ಅಮ್ಮಿ ಊಟ ಮಾಡ್ತಾರಾ?"

"ದಾದಿಮಾ ನಿಮ್ಮ ಹೆಸರು ಎತ್ತಿದ್ರೆ ತಟ್ಟೆ ತಳ್ತಾರೆ ಫುಪ್ಪು."

"ಹಂಗಾದ್ರೆ ಎತ್ತಬೇಡ. ನೂರು?"

"ಅಬ್ಬಾ ಸುಮ್ನೆ ಕೂತಿರ್ತಾರೆ. ಮೊನ್ನೆ ನನ್ನನ್ನ ಕೇಳಿದ್ರು, ಆಪಾ ಅಲ್ಲಿ ಎಲ್ಲಿ ಮಲಗ್ತಾಳೆ ಅಂತ. ಹೇಳಿದೆ. ಎದ್ದು ಹೊರಗೆ ಹೋದ್ರು."

ದೇವೀರಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿದ ಮೇಲಿನ ಶುಕ್ರವಾರ ಹಾಜಿರಾ ಮೆಸ್ಸಿಗೆ ರಜೆ ಹೇಳಿ ಹಳೇಬೀಡಿನ ಬಸ್ಸು ಹತ್ತಿದಳು. ಬಸ್ತಿಹಳ್ಳಿಯಾಚೆ ಹೊಲದ ಅಂಚಿನಲ್ಲಿ ಆ ಮನೆ. ಕರಿಯಯ್ಯ ಕೂಲಿಗೆ ಹೋಗಿದ್ದ. ದೇವೀರಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ಎಣ್ಣೆ ಕಾಣದ ಕೂದಲು ಗಂಟುಗಟ್ಟಿ ಬೆನ್ನ ಮೇಲೆ ಬಿದ್ದಿತ್ತು. ತಲೆ ಎತ್ತಿ ನೋಡಿ, ಬಾ ಎನ್ನಲಿಲ್ಲ.

"ಏನ್ ತಂದೆ? ಬಾಳೆಹಣ್ಣಾ? ಅಲ್ಲಿಡು."

ಹಾಜಿರಾ ಇಟ್ಟಳು.

"ಪರಿಹಾರ ಕೊಡ್ತಾರಂತೆ. ಯಾವಾಗ ಅಂದ್ರೆ ಕೇಸು ಮುಗೀಲಿ ಅಂತಾರೆ. ಅಷ್ಟರಾಗೆ ನಾನು ಇರ್ತೀನೋ ಸಾಯ್ತೀನೋ." ದೇವೀರಮ್ಮನ ದನಿ ಏರಿತು. "ಮಿಲ್ಲು ಮುಚ್ಚಿಸ್ದೆಯಲ್ಲ ಬೂಬಮ್ಮ! ಎಂಟು ಜನ ಹೆಂಗಸ್ರು ಮನೇಲಿ ಕೂತವ್ರೆ. ನೀರಿಗೋದ್ರೆ ನನ್ ಮಕ ನೋಡಕಿಲ್ಲ. ನಿನ್ ಒಂದ್ ಕೈಗೆ ನಮ್ ಎಂಟು ಮನೆ ಒಲೆ ಆರೋಯ್ತು ಅಂತಾರೆ. ಏನಂತ ಹೇಳ್ಲಿ ನಾನು? ನನ್ ಕೈ ಬತ್ತದಾ ಇದರಿಂದ? ಹೇಳು, ಬತ್ತದಾ?"

"ಇಲ್ಲ."

"ಮತ್ತೆ ಯಾತಕ್ಕೆ ಹೇಳ್ದೆ? ತಮ್ಮನ್ನ ಕಳಕೊಂಡೆ, ಮನೆ ಕಳಕೊಂಡೆ. ನಿನಗೇನು ಸಿಗ್ತು?"

ಹಾಜಿರಾ ನೆಲದ ಮೇಲೆ ಕೂತಳು.

"ನೀನು ಕಳ್ಳಿ ಅಲ್ಲ ಅಂತ ನನಗೆ ಗೊತ್ತಿತ್ತು ದೇವೀರಮ್ಮ. ಗೊತ್ತಿದ್ದು ಹೇಳೋಕೆ ಉಳಿದೋಳು ನಾನೊಬ್ಳೇ ಇದ್ದೆ."

ದೇವೀರಮ್ಮ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡಿದಳು. ಆಮೇಲೆ ಅಳು ಬಂತು. ಆಸ್ಪತ್ರೆಯಲ್ಲಿ ಅಳದ ಹೆಂಗಸು ಬಾಯಿಗೆ ಸೆರಗು ಕೂಡ ಇಟ್ಟುಕೊಳ್ಳದೆ, ಎಡಗೈಯನ್ನು ನೆಲಕ್ಕೆ ಬಡಿಯುತ್ತಾ ಅತ್ತಳು. ಹಾಜಿರಾಳಿಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ನೆರೆಮನೆಯ ಹೆಂಗಸೊಬ್ಬಳು ಬೇಲಿಯಾಚೆಯಿಂದ ಇಣುಕಿ ನೋಡಿ ಸರಿದುಹೋದಳು.

ಅಳು ನಿಂತ ಮೇಲೆ ದೇವೀರಮ್ಮ ಎದ್ದು ಒಳಗೆ ಹೋದಳು. ಇನ್ನು ಹೊರಡಬೇಕು ಎಂದು ಹಾಜಿರಾ ಚೀಲ ಎತ್ತಿಕೊಂಡಳು. ಅಷ್ಟರಲ್ಲಿ ದೇವೀರಮ್ಮ ಎಣ್ಣೆ ಬಟ್ಟಲು, ಬಾಚಣಿಗೆ ಎರಡನ್ನೂ ಎಡಗೈಯಲ್ಲೇ ಹೇಗೋ ಅವುಚಿ ಹಿಡಿದು ಹೊರಬಂದು, ಅವಳ ಮುಂದೆ ಇಟ್ಟು, ಬೆನ್ನು ತಿರುಗಿಸಿ ಕೂತುಕೊಂಡಳು.

"ನಮ್ ಮನೆಯವ್ನಿಗೆ ಜಡೆ ಹಾಕಕ್ಕೆ ಬರಕಿಲ್ಲ," ಎಂದಳು.

ಹಾಜಿರಾ ಬುರ್ಖಾದ ತೋಳು ಮೇಲಕ್ಕೇರಿಸಿ ಎಣ್ಣೆ ಹಚ್ಚಿದಳು. ಗಂಟುಗಳನ್ನು ತುದಿಯಿಂದ ಒಂದೊಂದಾಗಿ, ನೋಯದ ಹಾಗೆ ಬಿಡಿಸಿದಳು. ಬಹಳ ಹೊತ್ತು ಹಿಡಿಯಿತು. ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಾಗ ದೇವೀರಮ್ಮ ಕತ್ತು ತುಸು ಹಿಂದಕ್ಕೆ ಬಾಗಿಸಿದಳು.

"ಬಿಗಿಯಾಗಿ ಹಾಕು ಬೂಬಮ್ಮ. ಮುಂದಿನ ಶುಕ್ರವಾರದಗಂಟ ಇರ್ಬೇಕು."